ಮಣ್ಣಿಗೂ ಒಂದು ಪಾಸ್‌ಬುಕ್ ಬೇಕು
(ರಜತ ಮಹೋತ್ಸವದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘ ಇಪ್ಪತ್ತೈದು ವರ್ಷ ನಿಂತಿದೆ ಅಂದರೆ ಅದು ಲೆಕ್ಕದ ಬಲ. ಯಾರು ಎಷ್ಟು ಕಟ್ಟಿದರು, ಎಷ್ಟು ತೆಗೆದರು ಎಂಬುದು ಪುಸ್ತಕದಲ್ಲಿದೆ. ನಮ್ಮ ಹೊಲಕ್ಕೆ ಮಾತ್ರ ಅಂಥ ಪುಸ್ತಕ ನಾವು ಇಟ್ಟಿಲ್ಲ.

ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಇಟ್ಟಿದ್ದಾರೆ. 1852ರಿಂದ 1871ರವರೆಗೆ ಅಲ್ಲಿನ ಬಾರ್ಲಿ ಹೊಲದ ಒಂದು ತಾಕಿಗೆ ವರ್ಷಕ್ಕೆ ಎಕರೆಗೆ ಸುಮಾರು 14 ಟನ್ ಕೊಟ್ಟಿಗೆ ಗೊಬ್ಬರ ಹಾಕಿ, ಆಮೇಲೆ ನಿಲ್ಲಿಸಿಬಿಟ್ಟರು. ನೂರು ವರ್ಷ ಕಳೆದ ಮೇಲೂ, ಗೊಬ್ಬರವನ್ನೇ ಕಾಣದ ತಾಕಿಗಿಂತ ಅಲ್ಲಿ ಸಾವಯವ ಇಂಗಾಲ ಹೆಚ್ಚಿತ್ತು! ಮುತ್ತಾತ ಇಟ್ಟ ಠೇವಣಿ ಮರಿಮಗನಿಗೂ ಉಳಿದ ಹಾಗೆ.

ಇಂಥ ಹೊಲಗಳ ಅಂಕಿಗಳಿಂದ ಅಲ್ಲಿನ ವಿಜ್ಞಾನಿಗಳು ಒಂದು ಗಣಿತ ಮಾದರಿ ಕಟ್ಟಿದರು. ಹೆಸರು ರಾಥ್‌ಸಿ. ಅದರ ಪ್ರಕಾರ ಕೊಟ್ಟಿಗೆ ಗೊಬ್ಬರದ ಇಂಗಾಲದಲ್ಲಿ 100ಕ್ಕೆ 49 ಪಾಲು ಬೇಗ ಕೊಳೆಯುತ್ತದೆ, 49 ಪಾಲು ನಿಧಾನಕ್ಕೆ. 2 ಪಾಲು ಆಗಲೇ ಹ್ಯೂಮಸ್ ಆಗಿರುತ್ತದೆ. ಕೊಳೆತದ್ದರಲ್ಲಿ ಒಂದಷ್ಟು ಗಾಳಿಗೆ ಹೋಗುತ್ತೆ, ಉಳಿದದ್ದು ಸೂಕ್ಷ್ಮಜೀವಿಗಳಿಗೂ ಹ್ಯೂಮಸ್ಸಿಗೂ ಸೇರುತ್ತೆ. ಬೇಗ ಕೊಳೆಯುವುದು ಉಳಿತಾಯ ಖಾತೆ, ಹ್ಯೂಮಸ್ ನಿಶ್ಚಿತ ಠೇವಣಿ ಅಂತ ತಿಳಿಯೋಣ. ಹ್ಯೂಮಸ್ ಕರಗಿದಾಗ ಸುಮಾರು 10-12 ಕಿಲೋ ಇಂಗಾಲಕ್ಕೆ 1 ಕಿಲೋ ಸಾರಜನಕ ಬಿಡುಗಡೆಯಾಗುತ್ತದೆ. ಅದೇ ಬೆಳೆಗೆ ಸಿಗುವ ಬಡ್ಡಿ.

ಆ ಚಳಿ ದೇಶದ ತೇವದ ಬರಿ ನೆಲದಲ್ಲಿ ಹ್ಯೂಮಸ್ ಕರಗುವುದು ವರ್ಷಕ್ಕೆ 100ಕ್ಕೆ 2ರಷ್ಟು. ಹೊಸದೇನೂ ಸೇರದಿದ್ದರೆ ಅರ್ಧ ಆಗೋದಕ್ಕೆ ಸುಮಾರು 35 ವರ್ಷ. ಅದೇ ಲೆಕ್ಕಕ್ಕೆ ನಮ್ಮ ಕಡೆಯ 25 ಡಿಗ್ರಿ ಶಾಖ ಹಾಕಿ ನೋಡಿ: ಮಣ್ಣು ಹಸಿಯಾಗಿರುವಾಗ ವೇಗ ಹೆಚ್ಚುಕಡಿಮೆ ನಾಲ್ಕು ಪಟ್ಟು! ಬೇಸಿಗೆಯಲ್ಲಿ ನೆಲ ಒಣಗಿದಾಗ ವೇಗ ಐದನೇ ಒಂದು ಪಾಲಿಗೆ ಇಳಿಯಬಹುದು. ನೆಲದ ಮೇಲೆ ಬೆಳೆಯ ಹೊದಿಕೆ ಇದ್ದರೆ 100ಕ್ಕೆ 60ಕ್ಕೆ ತಗ್ಗುತ್ತದೆ. ಆದರೂ ಅವರ ಠೇವಣಿಗಿಂತ ನಮ್ಮದು ಬೇಗ ಖಾಲಿ.

ಹೀಗಿರುವಾಗ ಕೊಟ್ಟಿಗೆ ಗೊಬ್ಬರ ಲಾರಿ ಹತ್ತಿ ತೋಟಗಳ ಕಡೆ ಹೋಗುತ್ತಿದೆ. ಸಾಲದ ಕಂತು, ಮಕ್ಕಳ ಫೀಜು ಯಾರಿಗಿಲ್ಲ? ಮಾರಿದವರನ್ನು ನಾವು ದೂರುವುದಿಲ್ಲ. ಆದರೆ ಅದರ ಬದಲು ತರುವ 45 ಕಿಲೋ ಯೂರಿಯಾ ಚೀಲದಲ್ಲಿ ಇರುವುದು ಸುಮಾರು 20 ಕಿಲೋ ಸಾರಜನಕ. ಅದು ಈ ವರ್ಷದ ಖರ್ಚಿಗೆ ಆಯಿತು. ಠೇವಣಿಗೆ ಜಮಾ ಆಗುವ ಇಂಗಾಲ ಎಲ್ಲಿಂದ ಬರಬೇಕು?

ಒಂದು ಎಚ್ಚರಿಕೆ. ಈ ಮಾದರಿ ರಾಗಿ, ಜೋಳದಂಥ ಒಣ ಹೊಲಕ್ಕೆ. ನೀರು ನಿಂತ ಗದ್ದೆಗೆ ಹೊಂದುವುದಿಲ್ಲ. ರಂಜಕ, ಪೊಟ್ಯಾಷ್ ತಿಳಿಯಲು ಮಣ್ಣು ಪರೀಕ್ಷೆಯೇ ಬೇಕು.

ಆದ್ದರಿಂದ ನಮ್ಮ ಕೋರಿಕೆ ಇಷ್ಟೇ. ಸಂಘದಿಂದ ಪ್ರತಿ ಸದಸ್ಯರಿಗೂ ಒಂದು ಹೊಲದ ಪುಸ್ತಕ ಕೊಡಲಿ. ಹಾಕಿದ ಗೊಬ್ಬರ ಎಷ್ಟು ಗಾಡಿ, ಎಷ್ಟು ಚೀಲ, ಹೊತ್ತು ತಂದ ಕಾಳು ಎಷ್ಟು, ಹುಲ್ಲು ಎಷ್ಟು ಎಂದು ಬರೆಯೋಣ. ಮೂರು ವರ್ಷಕ್ಕೊಮ್ಮೆ ಇಂಗಾಲ ಪರೀಕ್ಷೆ ಮಾಡಿಸೋಣ. ಸಂಘಕ್ಕೆ ಐವತ್ತು ತುಂಬುವ ಹೊತ್ತಿಗೆ ನಮ್ಮ ಮಕ್ಕಳ ಕೈಗೆ ಜಮೀನಿನ ಪಹಣಿಯ ಜೊತೆ ಈ ಪುಸ್ತಕವನ್ನೂ ಕೊಡುವಂತಾಗಲಿ.