ಹೊಗೆಯಲ್ಲಿ ಉಳಿದ ಮನೆ

ಜಪಾನಿನ ಹಳೆಯ ರೈತಮನೆಗಳ ಆಯುಸ್ಸು ಇರುವುದು ಒಲೆಯ ಹೊಗೆಯಲ್ಲಿ. ನಡುಮನೆಯ ನೆಲದಲ್ಲಿ ಚೌಕವಾಗಿ ತಗ್ಗು ಮಾಡಿ ಬೆಂಕಿ ಹಾಕುವ ಆ ಜಾಗಕ್ಕೆ ಇರೋರಿ ಎಂದು ಹೆಸರು. ಅದಕ್ಕೆ ಹೊಗೆಕೊಳವೆ ಇರುವುದಿಲ್ಲ. ಹೊಗೆ ನೇರ ಮಾಡಿಗೆ ಏರಿ ಹುಲ್ಲಿನ ತೇವ ಆರಿಸುತ್ತದೆ, ಹುಳು ಓಡಿಸುತ್ತದೆ, ತೊಲೆಗಳಿಗೆ ಮಸಿಯ ಲೇಪ ಹಚ್ಚುತ್ತದೆ. ಮನೆಯವರು ಪಟ್ಟಣ ಸೇರಿ ಬೆಂಕಿ ಆರಿತೋ, ಹುಲ್ಲು ಕೊಳೆಯುತ್ತದೆ. ಸೋರಿದ ನೀರು ಕಂಬದ ಬುಡ ತಿನ್ನುತ್ತದೆ.

2023ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಜಪಾನಿನಲ್ಲಿ ಖಾಲಿ ಬಿದ್ದ ಮನೆಗಳು ಸುಮಾರು 90 ಲಕ್ಷ. ಹಳ್ಳಿಯ ಆಡಳಿತಗಳೇ ಇಂಥ ಮನೆಗಳ ಪಟ್ಟಿ ಮಾಡಿ, ಬಂದು ಇರುವವರನ್ನು ಹುಡುಕುತ್ತಿವೆ.

ಈ ಹುಡುಕಾಟಕ್ಕೆ ಬಹಳ ಮೊದಲೇ, 1973ರಲ್ಲಿ, ಅಲೆಕ್ಸ್ ಕೆರ್ ಎಂಬ ಅಮೆರಿಕದ ವಿದ್ಯಾರ್ಥಿ ಶಿಕೋಕು ದ್ವೀಪದ ಇಯಾ ಕಣಿವೆಯಲ್ಲಿ ಸುಮಾರು 300 ವರ್ಷ ಹಳೆಯ ಪಾಳುಮನೆಯೊಂದನ್ನು ಕೊಂಡರು. ಚೀಯೋರಿ ಎಂದು ಹೆಸರಿಟ್ಟರು. ಕೊಂಡದ್ದು ಸುಲಭ; ಮಾಡಿನ ಹುಲ್ಲು ಹೊಂದಿಸುವುದೇ ವರ್ಷಗಳ ಪಾಡಾಯಿತು.

ಮರದ ಕೆಲಸ ಮಾತ್ರ ಇಂಥವರ ಕೈಹಿಡಿಯುತ್ತದೆ. ಹಳೆಯ ಬಡಗಿಗಳು ತೊಲೆ-ಕಂಬಗಳನ್ನು ಮೊಳೆ ಹೊಡೆಯದೆ, ಕಚ್ಚು ಕೊರೆದು ಕೂಡಿಸುತ್ತಿದ್ದರು. ಕಂಬದ ಬುಡ ಕೊಳೆತರೆ ಅಷ್ಟನ್ನೇ ಕತ್ತರಿಸಿ ಹೊಸ ಮರ ಬೆಸೆಯಬಹುದು. ಇಡೀ ಮನೆ ಬಿಚ್ಚಿ ಬೇರೆಡೆ ನಿಲ್ಲಿಸಲೂಬಹುದು. ಅಮೆರಿಕದ ಪತ್ರಕರ್ತ ಜಾನ್ ರೊಡೆರಿಕ್ ಅವರಿಗಾಗಿ 1960ರ ದಶಕದಲ್ಲಿ ಮುಂದೆ ವಾಸ್ತುಶಿಲ್ಪಿಯಾದ ಯೋಶಿಹಿರೊ ತಕಿಶಿತಾ ಮಾಡಿದ್ದು ಇದನ್ನೇ. ಅಣೆಕಟ್ಟಿನ ನೀರಿಗೆ ಸಿಗಲಿದ್ದ ಬೆಟ್ಟದೂರಿನ ರೈತಮನೆ ಕಮಾಕುರದಲ್ಲಿ ಮತ್ತೆ ಎದ್ದು ನಿಂತಿತು.

ಹುಲ್ಲಿನ ಮಾಡಿಗೆ ಬೇಕಾದದ್ದು ಊರಿನ ಕೈಗಳು. ವಿಶ್ವ ಪರಂಪರೆಯ ಪಟ್ಟಿಗೆ 1995ರಲ್ಲಿ ಸೇರಿದ ಶಿರಕಾವಾ-ಗೋ ಹಳ್ಳಿಯಲ್ಲಿ ಒಂದು ಮನೆಯ ಮಾಡು ಹೊದಿಸಲು ನೆರೆಹೊರೆಯವರೆಲ್ಲ ಒಟ್ಟಾಗಿ ಮೇಲೇರುತ್ತಾರೆ. ನಾಳೆ ಅವರ ಮನೆಯ ಸರದಿಗೆ ಇವರು. ನಮ್ಮ ಮಲೆನಾಡಿನ ಮುಯ್ಯಾಳಿನ ಹಾಗೆಯೇ. ಹಳ್ಳಿ ಬರಿದಾದ ಕಡೆ ಈ ಕೈಗಳೂ ಇಲ್ಲ, ಹುಲ್ಲು ಬೆಳೆಸುವ ಬಯಲೂ ಇಲ್ಲ. ಹೊಸ ಮಾಲೀಕರ ಹಣ ಹೆಚ್ಚು ಕರಗುವುದು ಇಲ್ಲಿಯೇ.

ಅದಕ್ಕಾಗಿಯೇ ಇಯಾದಲ್ಲಿ ಮನೆಗಳನ್ನು ಪ್ರವಾಸಿಗಳ ತಂಗುದಾಣ ಮಾಡಿದ್ದಾರೆ. ಚೀಯೋರಿಯ ಮರದ ನೆಲದಡಿಯಲ್ಲೀಗ ಬಿಸಿಯೇರಿಸುವ ವ್ಯವಸ್ಥೆ ಇದೆ, ಹೊಸ ಅಡುಗೆಮನೆ, ಸ್ನಾನದಮನೆ ಇವೆ, ಇರೋರಿಯೂ ಇದೆ. ಓಚಿಯಾಯಿ ಎಂಬ ಹತ್ತಿರದ ಕೇರಿಯಲ್ಲೂ ಹಲವು ಹುಲ್ಲುಮನೆಗಳು ಹೀಗೆ ಬಾಗಿಲು ತೆರೆದಿವೆ. ಮನೆ ಉಳಿದದ್ದಕ್ಕಿಂತ, ಅದನ್ನು ನೋಡಿಕೊಳ್ಳುವ ಕೆಲಸ ಊರಿನಲ್ಲೇ ಹುಟ್ಟಿದ್ದು ದೊಡ್ಡ ಗಳಿಕೆ. ಮಾಡಿಗೆ ಮತ್ತೆ ಹುಲ್ಲು ಹೊದಿಸುವ ವರ್ಷ ಬಂದಾಗ ಏಣಿ ಹತ್ತಲು ಊರಿನಲ್ಲಿ ಜನ ಇರಬೇಕಲ್ಲ.