ಕರೆನ್ಸಿ ಅಂಗಡಿ: ನಷ್ಟ ನಮ್ಮದು, ನಿರ್ಧಾರ ಅವರದು

(ಮೊಬೈಲ್ ಅಂಗಡಿಗಳ ಮಾಲಕರು ಮತ್ತು ಅವರ ಕುಟುಂಬದವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಪಟ್ಟಣಗಳ ಯಾವ ಬೀದಿಗೆ ಹೋದರೂ ಒಂದು ಮೊಬೈಲ್ ಅಂಗಡಿ ಕಾಣಸಿಗುತ್ತದೆ. ಅದರೊಳಗೆ ಕುಳಿತಿರುವಾತ ಅನೇಕ ಕಡೆ ನಮ್ಮದೇ ಮನೆಯ ಮಗ. ಪಿಯುಸಿಯನ್ನೋ ಪದವಿಯನ್ನೋ ಮುಗಿಸಿ, ಕೆಲಸಕ್ಕಾಗಿ ಅಲೆದು, ಕೊನೆಗೆ ಗಲ್ಫ್‌ನಲ್ಲಿರುವ ಅಣ್ಣನ ಉಳಿತಾಯವನ್ನೋ ತಾಯಿಯ ಬಳೆ ಅಡವಿಟ್ಟು ತಂದ ಹಣವನ್ನೋ ಬಂಡವಾಳ ಮಾಡಿಕೊಂಡವನು. ಜನರು ಅದನ್ನು ಇಂದಿಗೂ 'ಕರೆನ್ಸಿ ಅಂಗಡಿ' ಎನ್ನುತ್ತಾರೆ. ಈ ಅಂಗಡಿಗೂ ಅದಕ್ಕೆ ಕಮಿಶನ್ ಕೊಡುವ ದೂರವಾಣಿ ಕಂಪೆನಿಗೂ ಇರುವ ಸಂಬಂಧ ಎಂತಹದು? ಇವನು ಕಂಪೆನಿಯ ನೌಕರನೇ? ಪ್ರತಿನಿಧಿಯೇ? ಅಥವಾ ಸ್ವತಂತ್ರ ವ್ಯಾಪಾರಿಯೇ? ಇಂದು ನಾನು ಮಾತನಾಡಲಿಚ್ಛಿಸುವುದು ಈ ಒಂದೇ ಪ್ರಶ್ನೆಯ ಕುರಿತು. ಏಕೆಂದರೆ ಕಮಿಶನ್ ಕುರಿತ ಎಲ್ಲ ತಕರಾರುಗಳ ಬೇರು ಅಲ್ಲಿದೆ.

ಒಂದು ಕಾಲದಲ್ಲಿ ಕಂಪೆನಿಗಳಿಗೆ ಈ ಅಂಗಡಿಗಳಿಲ್ಲದೆ ಗತಿಯಿರಲಿಲ್ಲ. 2003ರ ಮೇ ತಿಂಗಳಿನಿಂದ ಒಳಬರುವ ಕರೆಗಳು ಉಚಿತವಾದಾಗ ಮೊಬೈಲ್ ಶ್ರೀಮಂತರ ಕೈಯಿಂದ ಮೀನುಗಾರನ, ಗಾರೆ ಕೆಲಸದವನ ಕೈಗೆ ಬಂತು. ಅವರಿಗೆ ಸಿಮ್ ಮಾರಿದ್ದು, ಅರ್ಜಿ ತುಂಬಿಸಿದ್ದು, ಸ್ಕ್ರ್ಯಾಚ್ ಕಾರ್ಡಿನ ಅಂಕೆಗಳನ್ನು ಒತ್ತಿ ಕೊಟ್ಟದ್ದು ಕಂಪೆನಿಯ ಅಧಿಕಾರಿಗಳಲ್ಲ, ಈ ಅಂಗಡಿಯವರು. ಆಗ ನಮ್ಮ ರಾಜ್ಯದಲ್ಲಿ ಸ್ಪೈಸ್, ಹಚ್, ಏರ್‌ಟೆಲ್, ರಿಲಯನ್ಸ್, ಟಾಟಾ, ಬಿಎಸ್‌ಎನ್‌ಎಲ್, ನಂತರ ಐಡಿಯಾ, ಏರ್‌ಸೆಲ್ ಎಂದು ಬಗೆಬಗೆಯ ಬಣ್ಣದ ಬೋರ್ಡುಗಳಿದ್ದವು. ಒಂದು ಕಂಪೆನಿ ಕಮಿಶನ್ ಕಡಿಮೆ ಮಾಡಿದರೆ ಇನ್ನೊಂದರ ಸಿಮ್ಮನ್ನು ಮುಂದೆ ಇಟ್ಟು ಮಾರುವ ಶಕ್ತಿ ವ್ಯಾಪಾರಿಗಿತ್ತು.

ಆ ಶಕ್ತಿ ಎಲ್ಲಿ ಹೋಯಿತು? 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ತಿಂಗಳುಗಟ್ಟಲೆ ಉಚಿತ ಸೇವೆಯೊಂದಿಗೆ ಬಂತು. 2017ರ ಕೊನೆಗೆ ರಿಲಯನ್ಸ್ ಕಮ್ಯುನಿಕೇಶನ್ಸ್ ತನ್ನ ಮೊಬೈಲ್ ಕರೆ ಸೇವೆ ನಿಲ್ಲಿಸಿತು. 2018ರ ಫೆಬ್ರವರಿಯಲ್ಲಿ ಏರ್‌ಸೆಲ್ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ಆಗಸ್ಟ್‌ನಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದವು. ಟಾಟಾದ ಗ್ರಾಹಕರು 2019ರಲ್ಲಿ ಏರ್‌ಟೆಲ್‌ಗೆ ಸೇರಿದರು. ಉಳಿದದ್ದು ಮೂರು ಖಾಸಗಿ ಕಂಪೆನಿಗಳು ಮತ್ತು ಬಿಎಸ್‌ಎನ್‌ಎಲ್. ಮಾರುವವರು ಲಕ್ಷಗಟ್ಟಲೆ ಇದ್ದು ಕೊಡುವವರು ಮೂರು ಮತ್ತೊಬ್ಬರಾದಾಗ ಚೌಕಾಶಿಗೆ ಜಾಗವೆಲ್ಲಿ?

ಇನ್ನು ಕೈಗೆ ಬರುವ ಲಾಭದ ಲೆಕ್ಕ ನೋಡೋಣ. ನೂರಕ್ಕೆ ಮೂರು ರೂಪಾಯಿ ಸಿಗುತ್ತದೆಂದು ಇಟ್ಟುಕೊಳ್ಳಿ. 200 ರೂಪಾಯಿಯ ಒಂದು ರೀಚಾರ್ಜಿಗೆ ಆರು ರೂಪಾಯಿ. ತಿಂಗಳಿಗೆ 15,000 ರೂಪಾಯಿ ದುಡಿಯಬೇಕಾದರೆ ಐದು ಲಕ್ಷ ರೂಪಾಯಿಯ ವ್ಯವಹಾರ ಆಗಬೇಕು. ಅಂದರೆ 2,500 ರೀಚಾರ್ಜ್, ದಿನಕ್ಕೆ ಎಂಬತ್ತಕ್ಕೂ ಹೆಚ್ಚು. ಇದರಲ್ಲಿ ಬಾಡಿಗೆ, ವಿದ್ಯುತ್, ಹುಡುಗನ ಸಂಬಳ ಎಲ್ಲವೂ ಹೋಗಬೇಕು. ಅಂಗಡಿಯವನು ಈ ಹಣವನ್ನು ಮುಂಗಡವಾಗಿ ಕಟ್ಟಿ ಬ್ಯಾಲೆನ್ಸ್ ತುಂಬಿಸಿಟ್ಟಿರುತ್ತಾನೆ ಎಂಬುದನ್ನು ಮರೆಯಬಾರದು. ತಪ್ಪು ನಂಬರಿಗೆ ಹೋದ ಒಂದು ರೀಚಾರ್ಜ್ ಮೂವತ್ತು ಗ್ರಾಹಕರ ಲಾಭವನ್ನು ನುಂಗುತ್ತದೆ.

2024ರ ಜುಲೈಯಲ್ಲಿ ದರ ಏರಿದಾಗ ಜಿಯೋದ 155 ರೂಪಾಯಿಯ ಯೋಜನೆ 189 ಆಯಿತು, ಏರ್‌ಟೆಲ್‌ನ 179 ರೂಪಾಯಿಯದು 199 ಆಯಿತು. ನಮ್ಮ ಲೆಕ್ಕದ ಪ್ರಕಾರ 34 ರೂಪಾಯಿಯ ಏರಿಕೆಯಲ್ಲಿ ಅಂಗಡಿಗೆ ಬಂದದ್ದು ಸುಮಾರು ಒಂದು ರೂಪಾಯಿ. ಗ್ರಾಹಕನ ಸಿಟ್ಟು ಮಾತ್ರ ಪೂರ್ತಿಯಾಗಿ ಅಂಗಡಿಯವನ ಪಾಲಿಗೆ!

ಇದಕ್ಕಿಂತ ಆಳವಾದ ಏಟು ಬೇರೆಡೆಯಿಂದ ಬಂತು. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್‌ನಿಂದಾಗಿ ಅಂಗಡಿಗಳ ಶಟರ್ ಮುಚ್ಚಿತ್ತು. ಆಗ ಜಿಯೋ ಒಂದು ಆ್ಯಪ್ ತಂದು, ಯಾವನೇ ಸಾಮಾನ್ಯ ಗ್ರಾಹಕ ಇನ್ನೊಬ್ಬರಿಗೆ ರೀಚಾರ್ಜ್ ಮಾಡಿದರೆ 4.16 ಶೇಕಡಾ ಕಮಿಶನ್ ಕೊಡುವುದಾಗಿ ಹೇಳಿತು. ಇತರ ಕಂಪೆನಿಗಳೂ ಇಂತಹ ಯೋಜನೆಗಳನ್ನು ತಂದವು. ಹೊರಗೆ ಹೋಗಲಾಗದ ಜನರಿಗೆ ಅದರಿಂದ ಉಪಕಾರವಾದದ್ದು ನಿಜ. ಆದರೆ ಹದಿನೈದು ವರ್ಷ ಬೋರ್ಡು ಹೊತ್ತು ನಿಂತ ಅಂಗಡಿಯವನ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು ಎಂಬ ಸಂದೇಶವೂ ಅದರಲ್ಲಿತ್ತು.

ಕಂಪೆನಿಯ ಪರವಾಗಿಯೂ ಒಂದು ಮಾತು ಹೇಳಬೇಕು. ಗ್ರಾಹಕ ತನ್ನ ಫೋನಿನಿಂದಲೇ ಹಣ ಪಾವತಿಸುವಾಗ ಮಧ್ಯವರ್ತಿಗೆ ಪಾಲು ಕೊಡಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಕಾಲ ಬದಲಾಗುತ್ತದೆ, ಎಸ್‌ಟಿಡಿ ಬೂತ್‌ಗಳೂ ಹೋದವು. ನಮ್ಮ ಆಕ್ಷೇಪ ಬದಲಾವಣೆಯ ಮೇಲಲ್ಲ. ನಷ್ಟವೆಲ್ಲ ಒಬ್ಬನ ತಲೆಯ ಮೇಲೆ, ನಿರ್ಧಾರವೆಲ್ಲ ಇನ್ನೊಬ್ಬನ ಕೈಯಲ್ಲಿ ಎಂಬ ಏರ್ಪಾಡಿನ ಮೇಲೆ.

ಈಗ ಕಾನೂನಿಗೆ ಬರುತ್ತೇನೆ. ಆದಾಯ ತೆರಿಗೆ ಕಾಯ್ದೆ 1961ರ 194ಎಚ್ ಕಲಮಿನ ಪ್ರಕಾರ ಕಮಿಶನ್ ಕೊಡುವವರು ಅದರಿಂದ ತೆರಿಗೆ ಮುರಿದುಕೊಳ್ಳಬೇಕಿತ್ತು. ತೆರಿಗೆ ಇಲಾಖೆಯು ಮೊಬೈಲ್ ಕಂಪೆನಿಗಳಿಗೆ, ನೀವು ವಿತರಕರಿಗೆ ಬಿಡುವ ಹಣವೂ ಕಮಿಶನ್ನೇ, ತೆರಿಗೆ ಮುರಿಯಿರಿ ಎಂದಿತು. ಅದಕ್ಕೆ ಕಂಪೆನಿಗಳ ಉತ್ತರವೇನು? ಅದು ಕಮಿಶನ್ ಅಲ್ಲ, ರಿಯಾಯಿತಿ; ವಿತರಕರು ನಮ್ಮ ಪ್ರತಿನಿಧಿಗಳಲ್ಲ, ಅವರು ನಮ್ಮಿಂದ ಕೊಂಡು ತಮ್ಮ ವ್ಯಾಪಾರ ಮಾಡುವವರು ಎಂದು. ಈ ವಾದವನ್ನು ಕರ್ನಾಟಕ ಹೈಕೋರ್ಟ್ 2014ರಲ್ಲಿ ಒಪ್ಪಿತು. ದಿಲ್ಲಿ ಮತ್ತು ಕಲ್ಕತ್ತಾ ಹೈಕೋರ್ಟ್‌ಗಳು ಒಪ್ಪಿರಲಿಲ್ಲ. 2024ರ ಫೆಬ್ರವರಿ 28ರಂದು ಸುಪ್ರೀಂ ಕೋರ್ಟ್ ಕಂಪೆನಿಗಳ ಪರವಾಗಿ ತೀರ್ಪಿತ್ತಿತು.

ತೀರ್ಪನ್ನು ನಾನು ದೂರುತ್ತಿಲ್ಲ. ತೆರಿಗೆಯ ದೃಷ್ಟಿಯಿಂದ ಅದು ವ್ಯಾಪಾರಿಗೂ ಅನುಕೂಲವೇ; ಮುರಿದ ತೆರಿಗೆಯನ್ನು ಮರಳಿ ಪಡೆಯಲು ಅಲೆಯಬೇಕಾಗಿಲ್ಲ. ಆದರೆ ಗಮನಿಸಿ: ನ್ಯಾಯಾಲಯದಲ್ಲಿ 'ಇವರು ಸ್ವತಂತ್ರರು' ಎಂದವರೇ ವ್ಯವಹಾರಕ್ಕಿಳಿದಾಗ ಮಾರುವ ಬೆಲೆ, ತಿಂಗಳ ಟಾರ್ಗೆಟ್, ಉಳಿಯುವ ಪಾಲು ಎಲ್ಲವನ್ನೂ ತಾವೇ ನಿಗದಿ ಮಾಡುತ್ತಾರೆ. ತಾನು ಮಾರುವ ವಸ್ತುವಿನ ಬೆಲೆಯನ್ನೂ ತನ್ನ ಲಾಭವನ್ನೂ ನಿರ್ಧರಿಸಲಾಗದವನು ಎಂತಹ ಸ್ವತಂತ್ರ ವ್ಯಾಪಾರಿ?

ಅನ್ಯಾಯವಾದರೆ ಯಾರ ಬಾಗಿಲು ತಟ್ಟಬೇಕು? ಟ್ರಾಯ್ ಕಾಯ್ದೆಯ ಪ್ರಕಾರ ದೂರಸಂಪರ್ಕ ನ್ಯಾಯಮಂಡಳಿಯು ಸರಕಾರ ಮತ್ತು ಪರವಾನಿಗೆದಾರರ ನಡುವಿನ, ಸೇವಾ ಕಂಪೆನಿಗಳ ನಡುವಿನ, ಕಂಪೆನಿ ಮತ್ತು ಗ್ರಾಹಕರ ಗುಂಪಿನ ನಡುವಿನ ವಿವಾದಗಳನ್ನು ಆಲಿಸುತ್ತದೆ. ಅಂಗಡಿಯವನು ಈ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಸಣ್ಣ ಉದ್ದಿಮೆಗಳಿಗೆ 45 ದಿನಗಳೊಳಗೆ ಬಾಕಿ ಪಾವತಿಯಾಗಬೇಕೆಂಬ ಕಾನೂನು 2006ರಿಂದ ಇದೆ. 2021ರ ಜುಲೈಯಲ್ಲಿ ಸರಕಾರ ಚಿಲ್ಲರೆ ವ್ಯಾಪಾರಿಗಳನ್ನೂ ಆ ಪಟ್ಟಿಗೆ ಸೇರಿಸಿತು, ಆದರೆ ಆದ್ಯತೆಯ ಬ್ಯಾಂಕ್ ಸಾಲದ ಸೌಲಭ್ಯಕ್ಕೆ ಮಾತ್ರ. ಬಾಕಿ ವಸೂಲಿಯ ಆ ರಕ್ಷಣೆ ವ್ಯಾಪಾರಿಗಿಲ್ಲ. ಕಂಪೆನಿಯೇ ದಿವಾಳಿಯಾದರೆ ಸಾಲ ಕೊಟ್ಟ ಬ್ಯಾಂಕುಗಳು ಸಾಲಿನ ಮುಂದೆ, ವ್ಯಾಪಾರದ ಬಾಕಿ ಬರಬೇಕಾದವರು ಬಹಳ ಹಿಂದೆ. ಉಳಿದದ್ದು ಸಿವಿಲ್ ಕೋರ್ಟು ಅಥವಾ ಒಪ್ಪಂದದಲ್ಲಿ ಹೇಳಿದ ಮಧ್ಯಸ್ಥಿಕೆ. ಕೆಲವು ಸಾವಿರ ರೂಪಾಯಿಯ ಬಾಕಿಗಾಗಿ ಆ ದಾರಿ ಹಿಡಿಯುವವರು ಯಾರು?

ನಮ್ಮವರ ಕಡೆಯ ಒಂದು ವಿಷಯವನ್ನೂ ಮರೆಮಾಚಬಾರದು. ಟಾರ್ಗೆಟ್ ತುಂಬಿಸಲು ಇನ್ನಾರದೋ ದಾಖಲೆಯಲ್ಲಿ ಸಿಮ್ ಚಾಲೂ ಮಾಡಿದವರಿದ್ದಾರೆ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ಅವರು, 52 ಲಕ್ಷ ಸಂಪರ್ಕಗಳನ್ನು ಕಡಿದು 67,000 ಡೀಲರುಗಳನ್ನು ಕಪ್ಪುಪಟ್ಟಿಗೆ ಸೇರಿಸಿರುವುದಾಗಿ ತಿಳಿಸಿದರು. ಸಿಮ್ ಮಾರುವವರ ನೋಂದಣಿ ಕಡ್ಡಾಯವೆಂದೂ ಉಲ್ಲಂಘನೆಗೆ 10 ಲಕ್ಷ ರೂಪಾಯಿವರೆಗೆ ದಂಡವೆಂದೂ ಘೋಷಿಸಲಾಯಿತು. ಆ ಸಿಮ್ಮು ಯಾವ ವಂಚಕನ ಕೈ ಸೇರುತ್ತದೆ, ಯಾವ ವೃದ್ಧನ ಪಿಂಚಣಿಯನ್ನು ದೋಚುತ್ತದೆ ಎಂದು ಯೋಚಿಸಿದ್ದೀರಾ? ಟಾರ್ಗೆಟ್ ಕೊಟ್ಟವನು ಆಗ ಪಕ್ಕದಲ್ಲಿ ನಿಲ್ಲುವುದಿಲ್ಲ. ಆರು ರೂಪಾಯಿಯ ವ್ಯಾಪಾರದಲ್ಲಿ ಹತ್ತು ಲಕ್ಷದ ಹೊಣೆ ಹೊರುವುದು ಹುಚ್ಚುತನ. ಇಂತಹ ಟಾರ್ಗೆಟ್ಟನ್ನು ಇಂದೇ ತಿರಸ್ಕರಿಸಿ.

ಹಾಗಾದರೆ ದಾರಿಯೇ ಇಲ್ಲವೇ? ಫೋನ್ ಮಾರಾಟಗಾರರು ಒಂದು ದಾರಿ ತೋರಿಸಿದ್ದಾರೆ. ದಕ್ಷಿಣ ಭಾರತದ ಸಂಘಟಿತ ಚಿಲ್ಲರೆ ಮಾರಾಟಗಾರರ ಸಂಘವು 2024ರ ಏಪ್ರಿಲ್‌ನಲ್ಲಿ ಒನ್‌ಪ್ಲಸ್ ಕಂಪೆನಿಗೆ ಪತ್ರ ಬರೆಯಿತು. ಲಾಭಾಂಶ ತೀರಾ ಕಡಿಮೆ, ವಾರಂಟಿಯ ಬಾಕಿ ಸಕಾಲಕ್ಕೆ ಬರುತ್ತಿಲ್ಲ, ಆದ್ದರಿಂದ ಮೇ 1ರಿಂದ ನಿಮ್ಮ ಫೋನ್ ಮಾರುವುದಿಲ್ಲ ಎಂದಿತು. ಕರ್ನಾಟಕವೂ ಸೇರಿ ಆರು ರಾಜ್ಯಗಳ ಸುಮಾರು 4,500 ಅಂಗಡಿಗಳ ಮಾತದು. ದೇಶಾದ್ಯಂತ ಅದು ಸುದ್ದಿಯಾಯಿತು. ಅವರು ದೊಡ್ಡ ಮಳಿಗೆಗಳವರು, ನಾವು ಚಿಕ್ಕವರು ಎನ್ನಬಹುದು. ಆದರೆ ನಮ್ಮಲ್ಲಿ ಒಂದೇ ಬೀದಿಯ ನಾಲ್ಕು ಅಂಗಡಿಗಳವರು ತಮಗೆ ಸಿಗುವ ಕಮಿಶನ್ ಎಷ್ಟೆಂದು ಪರಸ್ಪರ ಹೇಳಿಕೊಳ್ಳುವುದಿಲ್ಲ. ಹಾಗಿರುವಾಗ ವಿತರಕ ಒಬ್ಬೊಬ್ಬರಿಗೆ ಒಂದೊಂದು ದರ ಹೇಳಿದರೆ ತಿಳಿಯುವುದಾದರೂ ಹೇಗೆ?

ಆದ್ದರಿಂದ ಈ ಊರಿನ ಅಂಗಡಿಗಳವರೆಲ್ಲ ಜಾತಿ ಮತ ನೋಡದೆ ಒಂದೆಡೆ ಕುಳಿತು ತಮ್ಮ ದರಗಳನ್ನು ಮೊದಲು ಬರೆದಿಡಲಿ. ವಿತರಕರಲ್ಲಿ ದರವನ್ನು ಬರಹದಲ್ಲಿ ಕೇಳಲಿ. ಬದಲಿಸುವುದಿದ್ದರೆ ಒಂದು ತಿಂಗಳು ಮೊದಲೇ ತಿಳಿಸಬೇಕೆಂದೂ, ಅಂಗಡಿ ಬಿಟ್ಟರೆ ಉಳಿದ ಬ್ಯಾಲೆನ್ಸ್ ಇಂತಿಷ್ಟು ದಿನಗಳೊಳಗೆ ಮರಳಬೇಕೆಂದೂ ಒತ್ತಾಯಿಸಲಿ. ಇದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ.

ಮನೆಯ ಹಿರಿಯರಲ್ಲಿ, ಮುಖ್ಯವಾಗಿ ಇಲ್ಲಿರುವ ತಾಯಂದಿರಲ್ಲಿ ಒಂದು ವಿನಂತಿ. ಮಗ ಅಂಗಡಿಗಾಗಿ ಮತ್ತೆ ಚಿನ್ನ ಕೇಳಿದರೆ ಕಳೆದ ಮೂರು ತಿಂಗಳ ಲೆಕ್ಕದ ಪುಸ್ತಕ ತರಲು ಹೇಳಿ. ಅದರಲ್ಲಿ ರಿಪೇರಿ, ಕವರ್, ಚಾರ್ಜರ್‌ಗಳ ಲಾಭ ಒಂದು ಪುಟದಲ್ಲಿರಲಿ, ಕಂಪೆನಿಯಿಂದ ಬಂದ ಕಮಿಶನ್ ಇನ್ನೊಂದು ಪುಟದಲ್ಲಿರಲಿ. ಎರಡನೆಯ ಪುಟ ಬಾಡಿಗೆಗೂ ಸಾಲದಿದ್ದರೆ ಹೊಸ ಬಂಡವಾಳವನ್ನು ಬ್ಯಾಲೆನ್ಸಿಗೆ ಸುರಿಯುವ ಬದಲು ರಿಪೇರಿ ಕಲಿಯುವುದಕ್ಕೆ ಕೊಡಿ.