ಗ್ಯಾರೇಜ್ ಬಾಗಿಲಿನ ಸ್ಪ್ರಿಂಗ್ ಮುರಿದಾಗ

(ಮಹಿಳಾ ವಿಭಾಗದ ಮಾಸಿಕ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಮನೆಯ ಸುರಕ್ಷತೆ ಬಗ್ಗೆ ಹದಿನೈದು ನಿಮಿಷ ಮಾತಾಡಿ ಅಂತ ಮಹಿಳಾ ವಿಭಾಗದವರು ಹೇಳಿದರು. ಗ್ಯಾಸ್, ಕರೆಂಟು, ಆನ್‌ಲೈನ್ ಮೋಸ ಇವುಗಳ ಬಗ್ಗೆ ನಾವೆಲ್ಲ ಸಾಕಷ್ಟು ಕೇಳಿದ್ದೇವೆ. ಹಾಗಾಗಿ ಯಾರೂ ಮಾತಾಡದ ಒಂದು ವಸ್ತುವನ್ನು ಆರಿಸಿಕೊಂಡೆ: ಗ್ಯಾರೇಜ್ ಬಾಗಿಲಿನ ಸ್ಪ್ರಿಂಗ್.

ಪುಣೆಯ ಫ್ಲ್ಯಾಟುಗಳಲ್ಲಿರುವ ನಮಗೆ ಗ್ಯಾರೇಜ್ ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ಆದರೆ ಮಗಳ ಬಾಣಂತನಕ್ಕೆ, ಮೊಮ್ಮಕ್ಕಳನ್ನು ನೋಡಿಕೊಳ್ಳೋದಕ್ಕೆ ಅಂತ ಅಮೆರಿಕಕ್ಕೆ ಹೋಗಿ ಆರು ತಿಂಗಳು ಇದ್ದು ಬಂದವರು ಕೈ ಎತ್ತಿ ಅಂದರೆ ಈ ಸಭೆಯಲ್ಲಿ ಎಷ್ಟು ಕೈ ಮೇಲೇಳುತ್ತವೆ ಅಂತ ನನಗೆ ಗೊತ್ತು. ಅಲ್ಲಿ ಮಗಳು-ಅಳಿಯ ಕೆಲಸಕ್ಕೆ ಹೋದ ಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಉಳಿಯುವುದು ನೀವು ಮತ್ತು ಮಗು ಮಾತ್ರ. ಇನ್ನು ಇಲ್ಲೇ ಅಂಗಡಿ ನಡೆಸುವವರು, ರೋ ಹೌಸಿನಲ್ಲಿರುವವರು ದಿನಾ ಎತ್ತಿ ಇಳಿಸುವ ರೋಲಿಂಗ್ ಶಟರ್ ಒಳಗೂ ಅಂಥದ್ದೇ ಸ್ಪ್ರಿಂಗ್ ಇದೆ. ಆದ್ದರಿಂದ ಇದು ನಮ್ಮದೇ ವಿಷಯ.

ಮೊದಲು ಅದು ಹೇಗೆ ಕೆಲಸ ಮಾಡುತ್ತದೆ ನೋಡೋಣ. ಊರಿನಲ್ಲಿ ಏತ ನೋಡಿದವರಿಗೆ ಇದು ಸುಲಭ. ಒಂದು ತುದಿಯಲ್ಲಿ ನೀರಿನ ಬಾನಿ, ಇನ್ನೊಂದು ತುದಿಯಲ್ಲಿ ಕಟ್ಟಿದ ಕಲ್ಲು. ಕಲ್ಲಿನ ತೂಕ ಇರುವುದರಿಂದಲೇ ತುಂಬಿದ ಬಾನಿ ಹಗುರವಾಗಿ ಮೇಲೆ ಬರುತ್ತದೆ. ಗ್ಯಾರೇಜ್ ಬಾಗಿಲಿಗೆ ಆ ಕಲ್ಲಿನ ಕೆಲಸ ಮಾಡುವುದು ಸ್ಪ್ರಿಂಗ್. ಎರಡು ಕಾರು ನಿಲ್ಲುವ ಗ್ಯಾರೇಜಿನ ಬಾಗಿಲು ಸಾಮಾನ್ಯವಾಗಿ 16 ಅಡಿ ಅಗಲ, 7 ಅಡಿ ಎತ್ತರ. ತೂಕ 70 ಕಿಲೋದಿಂದ 100 ಕಿಲೋದವರೆಗೂ ಇರಬಹುದು, ಕೆಲವು ಇನ್ನೂ ಭಾರ. ಬಾಗಿಲಿನ ಮೇಲ್ಗಡೆ ಗೋಡೆಗೆ ಒಂದು ಉದ್ದ ಸರಳು ಇರುತ್ತದೆ. ಅದರ ಸುತ್ತ ಸ್ಪ್ರಿಂಗ್, ಎರಡು ತುದಿಯಲ್ಲಿ ರಾಟೆಯಂಥ ಚಕ್ರ, ಅಲ್ಲಿಂದ ಬಾಗಿಲಿನ ಕೆಳಮೂಲೆಗೆ ಉಕ್ಕಿನ ಕೇಬಲ್. ಬಾಗಿಲು ಮುಚ್ಚುವಾಗ ಸ್ಪ್ರಿಂಗ್ ತಿರುಚಿಕೊಂಡು ಬಿಗಿಯಾಗುತ್ತದೆ. ತೆರೆಯುವಾಗ ಆ ಬಿಗಿ ಬಿಚ್ಚಿಕೊಂಡು ಬಾಗಿಲನ್ನು ಎತ್ತಿಕೊಡುತ್ತದೆ. ಹೀಗಾಗಿ ಸ್ಪ್ರಿಂಗ್ ಸರಿಯಿದ್ದರೆ ಅಷ್ಟು ಭಾರದ ಬಾಗಿಲನ್ನು ನಾವು ಒಂದು ಕೈಯಲ್ಲಿ ಎತ್ತಬಹುದು. ಬಟನ್ ಒತ್ತಿದಾಗ ಗುಂಯ್ ಅನ್ನುವ ಮೋಟರ್ ಕೂಡ ತೂಕ ಎತ್ತುವುದಿಲ್ಲ, ಆಗಲೇ ಹಗುರಾಗಿರುವ ಬಾಗಿಲನ್ನು ಎಳೆಯುತ್ತದೆ ಅಷ್ಟೆ.

ಈ ಸ್ಪ್ರಿಂಗಿಗೆ ಆಯುಷ್ಯ ಇದೆ. ಸಾಮಾನ್ಯ ಸ್ಪ್ರಿಂಗನ್ನು ಸುಮಾರು 10,000 ಸಲ ತೆರೆದು ಮುಚ್ಚುವ ಲೆಕ್ಕಕ್ಕೆ ಮಾಡಿರುತ್ತಾರೆ. ದಿನಕ್ಕೆ ನಾಲ್ಕು ಸಲ ಅಂದರೆ ಏಳು ವರ್ಷಕ್ಕೆ ಸ್ವಲ್ಪ ಕಡಿಮೆ. ಮುರಿಯುವುದು ಹೆಚ್ಚಾಗಿ ಬಾಗಿಲು ಮುಚ್ಚಿರುವಾಗ, ಯಾಕೆಂದರೆ ಬಿಗಿ ಆಗಲೇ ಹೆಚ್ಚು. ಚಳಿಯಲ್ಲಿ ಉಕ್ಕು ಇನ್ನಷ್ಟು ಪೆಡಸಾಗುವುದರಿಂದ ಚಳಿಗಾಲದ ಬೆಳಗಿನಲ್ಲಿ ಇದು ಸಾಮಾನ್ಯ.

ಕಂಪನಿ ಕೆಲಸದ ಮೇಲೆ ನಾನು ಎರಡು ವರ್ಷ ಒಹಾಯೊದಲ್ಲಿದ್ದೆ. ಧಾರವಾಡದಿಂದ ಅಮ್ಮ ಬಂದಿದ್ದ ಜನವರಿಯಲ್ಲಿ ಒಂದು ಬೆಳಗ್ಗೆ ಢಂ ಅಂತ ಸದ್ದಾಯಿತು. ಅಮ್ಮ ಸಿಲಿಂಡರ್ ಸಿಡಿಯಿತು ಅಂದುಕೊಂಡು ಅಡುಗೆಮನೆಗೆ ಓಡಿದಳು. ಗ್ಯಾರೇಜಿಗೆ ಹೋಗಿ ನೋಡಿದರೆ ಮೇಲಿನ ಸ್ಪ್ರಿಂಗ್ ತುಂಡಾಗಿ ನಡುವೆ ಎರಡು ಇಂಚು ಜಾಗ ಬಿಟ್ಟಿತ್ತು. ಕಾರು ಒಳಗೆ, ಒಂಬತ್ತಕ್ಕೆ ನನಗೆ ಮೀಟಿಂಗ್. "ಇಬ್ಬರೂ ಸೇರಿ ಎತ್ತಿದರೆ ಏಳೋದಿಲ್ಲೇನ?" ಅಂದಳು ಅಮ್ಮ. ಊರಲ್ಲಿ ಅಕ್ಕಿ ಮೂಟೆ ಎತ್ತಿದ ಕೈ ಅದು. "ಎತ್ತಬಹುದು ಅಮ್ಮ. ಆಮೇಲೆ ಮೇಲೆ ಹಿಡಿದುಕೊಂಡು ನಿಲ್ಲೋರು ಯಾರು? ನಾನು ಕಾರು ಹೊರಗೆ ತೆಗೆಯೋವರೆಗೂ ನೀನು ಒಬ್ಬಳೇ ಹಿಡಿದಿರಬೇಕು" ಅಂದೆ. ಮೀಟಿಂಗ್ ಫೋನಿನಲ್ಲೇ ಮುಗಿಸಿದೆ. ಮನೆ ಮಾಲೀಕರಿಗೆ ತಿಳಿಸಿದೆ.

ಮರುದಿನ ರಿಪೇರಿಯವರು ಬಂದರು. ನಾನು ದೂರ ನಿಂತು ನೋಡಿದೆ. ಅವರು ಕಣ್ಣಿಗೆ ಕನ್ನಡಕ ಹಾಕಿದರು. ಬಾಗಿಲು ಅಲುಗದಂತೆ ಹಳಿಗೆ ಇಕ್ಕಳ ಬಿಗಿದರು. ಮುರಿದದ್ದು ಒಂದೇ ಆದರೂ ಎರಡೂ ಸ್ಪ್ರಿಂಗ್ ಬದಲಿಸಿದರು, ಎರಡೂ ಒಂದೇ ವಯಸ್ಸಿನವು ತಾನೆ. ಆಮೇಲೆ ಎರಡು ಉಕ್ಕಿನ ಸಲಾಕೆಗಳನ್ನು ಒಂದಾದ ಮೇಲೊಂದು ತೂತಿಗೆ ಹಾಕಿ ಕಾಲು ಕಾಲು ಸುತ್ತು ತಿರುಗಿಸಿದರು. ಒಂದು ಸಲಾಕೆ ತೆಗೆಯುವ ಮೊದಲು ಇನ್ನೊಂದು ಒಳಗೆ ಇರಲೇಬೇಕು. ಕೈ ಜಾರಿದರೆ ಆ ಸಲಾಕೆ ಮುಖಕ್ಕೆ ಬಡಿಯುವ ವೇಗ ಊಹಿಸಿಕೊಳ್ಳಿ. ಅಮ್ಮ ಮೆಲ್ಲಗೆ ಎಣಿಸುತ್ತಿದ್ದಳು. ಒಂದು ಸ್ಪ್ರಿಂಗಿಗೆ 30 ಕಾಲು ಸುತ್ತು, ಅಂದರೆ ಏಳೂವರೆ ಸುತ್ತು. ಎರಡನೆಯದಕ್ಕೂ ಅಷ್ಟೇ ಬಂದಾಗ "ಲೆಕ್ಕ ಸರಿಯಾಯ್ತು ನೋಡು" ಅಂದಳು. 7 ಅಡಿ ಬಾಗಿಲಿಗೆ ಅದೇ ಸಾಮಾನ್ಯ ಲೆಕ್ಕ.

ನಾನು ಎಂ.ಟೆಕ್. ಓದಿದವಳು. ಇದರ ಗಣಿತ ನನಗೆ ಗೊತ್ತು. ಆದರೂ ಆ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ. ವಿಡಿಯೋ ನೋಡಿ ಮಾಡಬಹುದು ಅಂತ ಮನೆಯ ಗಂಡಸರು ಹೊರಟರೂ ತಡೆಯಿರಿ. ಕೈಗೆ ಅಭ್ಯಾಸ, ಸರಿಯಾದ ಸಲಾಕೆ, ಬಾಗಿಲಿನ ತೂಕಕ್ಕೆ ತಕ್ಕ ಸ್ಪ್ರಿಂಗ್ ಮೂರೂ ಬೇಕಾದ ಕೆಲಸ ಅದು.

ಹಾಗಾದರೆ ನೀವು ಒಬ್ಬರೇ ಇರುವಾಗ ಮುರಿದರೆ ಏನು ಮಾಡಬೇಕು? ಇಷ್ಟು ನೆನಪಿಡಿ.

ಒಂದು, ಮಗುವನ್ನು ಎತ್ತಿಕೊಂಡು ಮನೆಯೊಳಗೆ ಹೋಗಿ, ಗ್ಯಾರೇಜಿನ ಒಳಬಾಗಿಲು ಹಾಕಿಕೊಳ್ಳಿ.

ಎರಡು, ಬಟನ್ ಮತ್ತೆ ಮತ್ತೆ ಒತ್ತಬೇಡಿ. ಬಾಗಿಲು ಒಂದು ಗೇಣು ಎದ್ದು ನಿಲ್ಲಬಹುದು, ಮೋಟರಿನ ಹಲ್ಲುಗಳೂ ಹಾಳಾಗಬಹುದು.

ಮೂರು, ಮೋಟರಿನಿಂದ ಒಂದು ಕೆಂಪು ಹಗ್ಗ ಜೋತಾಡುತ್ತಿರುತ್ತದೆ. ಕರೆಂಟು ಹೋದಾಗ ಅದನ್ನು ಎಳೆದು ಕೈಯಿಂದ ಬಾಗಿಲು ತೆರೆಯಿರಿ ಅಂತ ಮಗಳು ಹೇಳಿಕೊಟ್ಟಿರುತ್ತಾಳೆ. ಅದು ಸ್ಪ್ರಿಂಗ್ ಸರಿಯಿದ್ದಾಗಿನ ಮಾತು. ಬಾಗಿಲು ಮೇಲಿದ್ದು ಸ್ಪ್ರಿಂಗ್ ಮುರಿದಿದ್ದರೆ, ಹಗ್ಗ ಎಳೆದ ಕ್ಷಣ ಇಡೀ ಬಾಗಿಲು ಕೆಳಗೆ ಬೀಳುತ್ತದೆ. ಆದ್ದರಿಂದ ಹಗ್ಗ ಮುಟ್ಟುವ ಮೊದಲು ತಲೆ ಎತ್ತಿ ಸ್ಪ್ರಿಂಗ್ ನೋಡಿ.

ನಾಲ್ಕು, ಅರ್ಧ ತೆರೆದು ನಿಂತ ಬಾಗಿಲಿನ ಕೆಳಗೆ ಓಡಾಡಬೇಡಿ. ಅಮೆರಿಕದಲ್ಲಿ 1993ರಿಂದ ತಯಾರಾದ ಮನೆಬಳಕೆಯ ಮೋಟರುಗಳಿಗೆ, ಏನಾದರೂ ಅಡ್ಡ ಬಂದರೆ ಬಾಗಿಲು ವಾಪಸ್ ಏಳುವ ವ್ಯವಸ್ಥೆ ಕಡ್ಡಾಯ. ಆದರೆ ಅದು ಮೋಟರ್ ಮುಚ್ಚುವಾಗಿನ ರಕ್ಷಣೆ. ತಾನಾಗಿ ಬೀಳುವ ಬಾಗಿಲನ್ನು ಅದು ತಡೆಯುವುದಿಲ್ಲ.

ಐದು, ಕೆಳಮೂಲೆಯಲ್ಲಿ ಕೇಬಲ್ ಕಟ್ಟಿರುವ ಪಟ್ಟಿಯ ಬೋಲ್ಟುಗಳನ್ನು ಯಾವ ಕಾರಣಕ್ಕೂ ಸಡಿಲಿಸಬೇಡಿ. ಅಷ್ಟೂ ಬಿಗಿ ಅಲ್ಲಿ ಕೂತಿರುತ್ತದೆ.

ಇಷ್ಟು ಮಾಡಿ ಮಗಳಿಗೆ ಫೋನ್ ಮಾಡಿದರೆ ನಿಮ್ಮ ಕೆಲಸ ಮುಗಿಯಿತು. ಯಾರಾದರೂ ಕೆಳಗೆ ಸಿಕ್ಕಿಕೊಂಡಿದ್ದರೆ ಮಾತ್ರ ಮೊದಲ ಫೋನ್ 911ಕ್ಕೆ.

ಈಗ ನಮ್ಮ ಶಟರ್‌ಗೆ ಬರೋಣ. ಚಟ್ನಿಪುಡಿ ಅಂಗಡಿ, ಟೇಲರಿಂಗ್, ಟ್ಯೂಷನ್ ಕ್ಲಾಸ್ ನಡೆಸುವ ನಮ್ಮ ಗೆಳತಿಯರು ಬೆಳಗ್ಗೆ ಒಬ್ಬರೇ ಹೋಗಿ ಶಟರ್ ಎತ್ತುತ್ತಾರೆ. ಇದರ ಸ್ಪ್ರಿಂಗ್ ಮೇಲಿನ ಸುರುಳಿಯೊಳಗೆ ಅಡಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕೈಗೆ ಗೊತ್ತಾಗುತ್ತದೆ. ನಿನ್ನೆ ಹಗುರಾಗಿದ್ದದ್ದು ಇವತ್ತು ಭಾರ, ಒಂದು ಕಡೆ ಓರೆಯಾಗಿ ಏಳುವುದು, ಎತ್ತಿದರೂ ನಿಲ್ಲದೆ ಜಾರಿ ಬರುವುದು, ಇವೆಲ್ಲ ಅದರ ಲಕ್ಷಣ. ಆಗ ನಾವು ಮಾಡುವುದೇನು? ಪಕ್ಕದ ಅಂಗಡಿಯ ಹುಡುಗನನ್ನು ಕರೆದು ಎತ್ತಿಸಿ, ಕೆಳಗೆ ಒಂದು ಕೋಲು ಕೊಟ್ಟು ದಿನವಿಡೀ ವ್ಯಾಪಾರ ಮಾಡುತ್ತೇವೆ. ಆ ಕೋಲಿನ ಪಕ್ಕದಲ್ಲೇ ಗಿರಾಕಿಯ ಮಗು ಆಡುತ್ತಿರುತ್ತದೆ. ದಯವಿಟ್ಟು ಇದನ್ನು ಬಿಡಿ. ಅರ್ಧ ದಿನದ ವ್ಯಾಪಾರ ಹೋದರೆ ಹೋಗಲಿ, ಶಟರ್ ರಿಪೇರಿಯವರು ಬರುವವರೆಗೆ ಮುಚ್ಚಿಡಿ.

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ "ಅದನ್ನು ಮುಟ್ಟಬೇಡ" ಅಂತ ಹೇಳುವುದು ವಾಡಿಕೆ. ಯಾಕೆ ಮುಟ್ಟಬಾರದು ಅಂತ ಹೇಳುವುದು ಕಡಿಮೆ. ಕಾರಣ ಗೊತ್ತಿಲ್ಲದವರು ಒಂದೋ ಎಲ್ಲಕ್ಕೂ ಹೆದರುತ್ತಾರೆ, ಇಲ್ಲವೇ ಅವಸರದ ದಿನ ಮುಟ್ಟಿಯೇ ಬಿಡುತ್ತಾರೆ. ಕಾರಣ ಗೊತ್ತಿದ್ದವರು ಮುಟ್ಟುವುದೂ ಇಲ್ಲ, ಗಾಬರಿಯಾಗುವುದೂ ಇಲ್ಲ.

ಕೊನೆಗೆ ಒಂದು ಕೋರಿಕೆ. ಮುಂದಿನ ಸಲ ಅಮೆರಿಕಕ್ಕೆ ಹೋದ ಮೊದಲ ವಾರವೇ ಮಗಳನ್ನೋ ಸೊಸೆಯನ್ನೋ ಗ್ಯಾರೇಜಿಗೆ ಕರೆದುಕೊಂಡು ಹೋಗಿ ಸ್ಪ್ರಿಂಗ್ ತೋರಿಸು ಅನ್ನಿ. ಎಷ್ಟು ವರ್ಷದ್ದು ಅಂತ ಕೇಳಿ. ಅವರಿಗೂ ಗೊತ್ತಿರಲಿಕ್ಕಿಲ್ಲ, ಆಗ ನೀವೇ ಹೇಳಿಕೊಡಿ.

ಪ್ರಶ್ನೆಗಳಿದ್ದರೆ ಚಹಾ ಹೊತ್ತಿನಲ್ಲಿ ಕೇಳಿ.